ಸೈಲೆನ್ಸರ್ ಬಿಚ್ಚಿದ ಭಾನುವಾರ

ಬೋಲ್ಟು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಬೆಳಿಗ್ಗೆಯಿಂದ ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದೇನೆ, ಕಣ್ಣಿಗೆ ತುಕ್ಕಿನ ಪುಡಿ ಉದುರುತ್ತಿದೆ, ಬೆರಳ ಗೆಣ್ಣು ತರಚಿ ರಕ್ತ ಬಂದಿದೆ, ಸೈಲೆನ್ಸರ್ ಮಾತ್ರ ಇದ್ದಲ್ಲೇ ಇದೆ. ಬೇರೆ ಯಾರದಾದರೂ ಕಾರಾಗಿದ್ದರೆ ನಾಳೆ ಬನ್ನಿ ಎಂದು ಸಾಗಹಾಕುತ್ತಿದ್ದೆ. ಇದು ನಮ್ಮಣ್ಣನದು. ಗ್ಯಾರೇಜು ಇಬ್ಬರದೂ. ನಾನು ಅದರಲ್ಲಿ ಅರ್ಧ ಪಾಲುದಾರ, ಪೂರ್ತಿ ಕತ್ತೆ.

ಅವಸರಕ್ಕೆ ಕಾರಣ ಅಣ್ಣನ ಮಗಳು. ಹಿಂದಿನ ಸೀಟಿನಲ್ಲಿ ಕೂತು ದಿನಾ ಶಾಲೆಗೆ ಹೋಗುವ ಹುಡುಗಿ, ಇತ್ತೀಚೆಗೆ ಇಳಿದ ಕೂಡಲೇ ತಲೆನೋವು ಎನ್ನುತ್ತಿದ್ದಳು. ಶಾಲೆಯ ಗೇಟಿನ ಮುಂದೆಯೇ ವಾಂತಿ ಮಾಡಿಕೊಂಡಿದ್ದಳು. ಕಾರೊಳಗೆ ಹೊಗೆ ವಾಸನೆ ಎಂದು ಅವಳು ಅತ್ತರೆ ಅಣ್ಣ ಗದರಿದ್ದ: ಎಂಥ ವಾಸನೆಯೂ ಇಲ್ಲ, ಎಲ್ಲ ಶಾಲೆ ತಪ್ಪಿಸುವ ನಾಟಕ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ನನ್ನದು ಸ್ಕೂಟರು, ಆ ಕಾರು ಹತ್ತುವ ಪ್ರಸಂಗವೇ ನನಗೆ ಬಂದಿರಲಿಲ್ಲ. ಕೊನೆಗೆ ಅತ್ತಿಗೆ, ಸೈಲೆನ್ಸರ್ ಬದಲಾಯಿಸದೆ ಮಗು ಈ ಕಾರು ಹತ್ತುವುದಿಲ್ಲ ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ ಮೇಲೆ ಗಾಡಿ ಗ್ಯಾರೇಜಿಗೆ ಬಂತು. ನಾಳೆ ಸೋಮವಾರ, ಶಾಲೆ ಇದೆ.

ನಿನ್ನೆ ಸಂಜೆ ಹೊರಡುವಾಗ ಅಣ್ಣನಿಗೆ ಒಂದೇ ಒಂದು ಕೆಲಸ ಒಪ್ಪಿಸಿದ್ದೆ. ಬೋಲ್ಟುಗಳಿಗೆ ಡೀಸೆಲ್ ಬಳಿದಿಡು, ರಾತ್ರಿಯೆಲ್ಲ ನೆನೆದರೆ ತುಕ್ಕು ಸಡಿಲವಾಗುತ್ತದೆ ಎಂದಿದ್ದೆ. ಬ್ರಷ್ಷು ತಗೊಂಡು ಚೆನ್ನಾಗಿ ಬಳಿದಿದ್ದೇನೆ ಎಂದು ಬೆಳಿಗ್ಗೆಯಿಂದ ಅದೇ ರಾಗ. ಜತೆಗೆ ಉಪದೇಶ ಬೇರೆ. ಮೊದಲು ಸ್ವಲ್ಪ ಬಿಗಿ ಮಾಡಿ ಆಮೇಲೆ ಸಡಿಲಿಸು. ಮಾಡಿದೆ. ಸುತ್ತಿಗೆಯಲ್ಲಿ ತಲೆಗೆ ತಟ್ಟು. ತಟ್ಟಿದೆ. ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಎಳೆ. ಎಳೆದೆ, ಸ್ಪ್ಯಾನರು ಜಾರಿ ನನ್ನ ತುಟಿಗೇ ಬಡಿಯಿತು. ನಿಧಾನ ಕಣೋ ಎಂದು ಮೇಲಿನಿಂದ ಆಶೀರ್ವಾದ. ಪಿತ್ತ ನೆತ್ತಿಗೇರಿತು.

ಗ್ಯಾಸ್ ಟಾರ್ಚು ತಂದು ನಟ್ಟಿಗೆ ಉರಿ ಹಿಡಿದೆ. ನಟ್ಟಿನ ಮೇಲೆ ಗುಳ್ಳೆಗಳೆದ್ದವು, ಭಗ್ಗೆಂದು ಹೊತ್ತಿಕೊಂಡಿತು, ಘಾಟಿಗೆ ಕೆಮ್ಮು ಬಂತು. ಡೀಸೆಲ್ ಘಾಟಲ್ಲ. ಉರಿ ಆರಿಸಿ ಪಕ್ಕದ ಬೋಲ್ಟನ್ನು ಉಗುರಿನಿಂದ ಕೆರೆದೆ. ಮೇಲೆ ಗಟ್ಟಿಯಾಗಿ ಒಣಗಿದ, ಮಿರಮಿರ ಮಿಂಚುವ ಪದರ.

ತೆವಳಿಕೊಂಡು ಹೊರಗೆ ಬಂದು ಶೆಲ್ಫು ನೋಡಿದೆ. ನಮ್ಮಲ್ಲಿ ಬಾಟಲಿಗಳ ಮೇಲೆ ಹೆಸರು ಬರೆಯುವ ರೂಢಿಯಿಲ್ಲ. ಮುಚ್ಚಳ ತೆಗೆ, ಮೂಸಿ ನೋಡು, ಆಮೇಲೆ ಸುರಿ. ಅಣ್ಣ ನನಗೆ ಕಲಿಸಿದ ಮೊದಲ ಪಾಠ ಅದು. ಡೀಸೆಲ್ ಬಾಟಲಿ ತುಂಬಿಯೇ ಇತ್ತು. ಬೆಂಚಿಗೆ ಬಳಿದು ಉಳಿದಿದ್ದ ವಾರ್ನಿಶ್ ತಳ ಕಂಡಿತ್ತು.

"ವಾರ್ನಿಶ್ ಬಳಿದಿದೀಯಲ್ಲಣ್ಣ," ಎಂದೆ. "ಅಂಟು ಹಾಕಿ ಬಿಚ್ಚು ಅಂತೀಯ. ಮೂಗು ಎಲ್ಲಿಟ್ಟಿದ್ದೆ?"

ಅಣ್ಣ ಬಾಟಲಿ ಇಸಿದುಕೊಂಡು ಮೂಸಿದ. ಡೀಸೆಲನ್ನೂ ಮೂಸಿದ. ಮತ್ತೆ ವಾರ್ನಿಶ್ ಮೂಸಿದ. ಮುಖ ಸಪ್ಪಗಾಯಿತು.

"ಎರಡೂ ಒಂದೇ ಕಣೋ ನಂಗೆ. ಆ ಜ್ವರ ಬಂದು ಹೋಯ್ತಲ್ಲ, ಆವಾಗಿಂದ ಏನೂ ವಾಸನೆ ಬರಲ್ಲ."

ವಾಸನೆ ಹಿಡಿಯಲಾಗದ ಮೆಕ್ಯಾನಿಕ್ಕಿನ ಹತ್ತಿರ ಯಾರು ಗಾಡಿ ತರುತ್ತಾರೆ ಎಂದು ಮುಚ್ಚಿಟ್ಟನಂತೆ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದನಂತೆ. ನನಗೆ ಬಾಯಿಗೆ ಬಂದದ್ದೆಲ್ಲ ಬೈಯುವಷ್ಟು ಸಿಟ್ಟು ಬಂತು, ಬೈದೆ ಕೂಡ. ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದೆ.

ಬಿಚ್ಚುವ ಆಸೆ ಬಿಟ್ಟು ಗರಗಸ ಹಿಡಿದು ಬೋಲ್ಟುಗಳನ್ನೇ ಕೊಯ್ದೆ. ಸೈಲೆನ್ಸರ್ ದಡಾರನೆ ನೆಲಕ್ಕೆ ಬಿತ್ತು. ಹಿಂದಿನ ಸೀಟಿನ ನೇರ ಕೆಳಗೆ, ಪೈಪಿನ ಮೇಲ್ಭಾಗ ತುಕ್ಕು ತಿಂದು ತೂತಾಗಿತ್ತು. ಅಣ್ಣ ಅದರೊಳಗೆ ಹೆಬ್ಬೆರಳು ಹಾಕಿ ನೋಡಿದ. ಸಲೀಸಾಗಿ ಹೋಯಿತು.

ಅಲ್ಲೇ ನೆಲದ ಮೇಲೆ ಕೂತು ಮನೆಗೆ ಫೋನ್ ಮಾಡಿ, ಮಗಳಿಗೆ ಕೊಡು ಎಂದ. ಕೈಗೆಲ್ಲ ಮಸಿ ಇದ್ದುದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಬೆಂಚಿನ ಮೇಲಿಟ್ಟಿದ್ದ.

"ಪುಟ್ಟಿ, ನೀನು ಹೇಳಿದ್ದೇ ನಿಜ. ಕಾರೊಳಗೆ ಹೊಗೆ ಬರ್ತಿತ್ತು."

ಆ ಕಡೆಯಿಂದ ಅವಳು ಕೇಳಿದಳು:

"ಹಾಗಾದ್ರೆ ನಿಂಗೂ ವಾಸನೆ ಬರ್ತಿತ್ತಾ ಅಪ್ಪ? ಬರ್ತಿದ್ರೂ ನಂಗೆ ಬೈದ್ಯಾ?"

ಅಣ್ಣ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ.

"ಇಲ್ಲ ಪುಟ್ಟಿ," ಎಂದ. "ಅಪ್ಪಂಗೆ ವಾಸನೆನೇ ಬರಲ್ಲ. ಅದನ್ನ ಹೇಳೋಕೆ ನಾಚಿಕೆಯಾಗಿ ನಿಂಗೆ ಬೈದೆ."