ಎಂಬತ್ತೆರಡು ಡೆಸಿಬಲ್

ಇಂಜಿನಿಯರ್ ಸುಧಾಕರ್ ಬಂದಾಗಲೇ ನನಗೆ ಮೈ ಉರಿಯುತ್ತಿತ್ತು. ಊರಿಗಾಂ ಲೈನ್‌ಮನೆಗಳ ನಡುವಿನ ನಮ್ಮ ಅಂಗನವಾಡಿಯ ಸೂರು ನೋಡಿ ಎಂದು ಮೂರು ತಿಂಗಳಿಂದ ಅರ್ಜಿ ಕೊಡುತ್ತಿದ್ದೆ. ಊಟವಾದ ಮೇಲೆ ಹದಿನೆಂಟು ಮಕ್ಕಳು ಅದರಡಿಯೇ ಮಲಗುತ್ತವೆ. ಕಿಟಕಿ ಪಕ್ಕದ ಮೂಲೆಯಲ್ಲಿ ಗಾರೆ ಟೊಳ್ಳಾಗಿದೆ ಎಂದು ಮೊದಲು ಹೇಳಿದವರು ನಮ್ಮಪ್ಪ ಶ್ರೀರಾಮಪ್ಪ.

ಅಪ್ಪ ಇಲ್ಲಿನ ಚಿನ್ನದ ಗಣಿ ಮೈಸೂರು ಮೈನ್ಸ್‌ನಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಮದ್ದು ಸಿಡಿಸಿದ ಮೇಲೆ ಮೊದಲು ಒಳಗೆ ಹೋಗುತ್ತಿದ್ದವರು ಅವರೇ. ಎಡಗೈಯನ್ನು ಬಂಡೆಗೆ ಒತ್ತಿ, ಬಲಗೈಯ ಸಲಾಕೆಯಿಂದ ತಟ್ಟಿ ನೋಡಿ, ಬನ್ನಿ ಎಂದರಷ್ಟೇ ಉಳಿದವರು ಬರುತ್ತಿದ್ದರು. ಡ್ರಿಲ್ಲಿನ ಗದ್ದಲಕ್ಕೆ ಕಿವಿ ಅರ್ಧ ಹೋಗಿದೆ. ನಾನು ಕೂಗಿದರೂ ಕೇಳಿಸುವುದಿಲ್ಲ. ಕಲ್ಲಿನ ಸದ್ದು ಮಾತ್ರ ಇವತ್ತಿಗೂ ತಪ್ಪುವುದಿಲ್ಲ.

ಮಕ್ಕಳನ್ನು ಹೊರಗೆ ಕಳಿಸಿದೆ. ಅಪ್ಪ ಮೇಜು ಹತ್ತಿ ಸಲಾಕೆಯಿಂದ ಸೂರನ್ನು ಎರಡು ಕಡೆ ತಟ್ಟಿದರು. ಬಾಗಿಲ ಬಳಿ 'ಟಣ್'. ಮೂಲೆಯಲ್ಲಿ 'ಡಬ್', ಅದರ ಹಿಂದೆಯೇ ಸಣ್ಣ ಗೊರಗೊರ.

"ಇದು ಬಿಟ್ಕೊಂಡೈತೆ ಸೋಮಿ," ಎಂದರು.

ಸುಧಾಕರ್ ಸದ್ದು ಅಳೆಯುವ ಆ್ಯಪ್ ಹಾಕಿ ಮೊಬೈಲ್ ಎತ್ತಿ ಹಿಡಿದಿದ್ದರು. "ಎರಡೂ ಎಂಬತ್ತೆರಡು ಡೆಸಿಬಲ್. ಒಂದೇ ಸದ್ದು. ಕಿವಿ ಕೇಳದೋರ ಮಾತು ಕಟ್ಕೊಂಡು ನಮ್ಮ ಟೈಮ್ ಹಾಳು ಮಾಡ್ತೀರಲ್ಲಮ್ಮ!" ಎಂದು, 'ಕಟ್ಟಡ ಸುಭದ್ರ' ಎಂದು ಬರೆದ ಹಾಳೆಯನ್ನು ನನ್ನ ಸಹಿಗೆ ಚಾಚಿದರು.

ಅಪ್ಪನಿಗೆ ಆ ಮಾತು ಕೇಳಿಸಲಿಲ್ಲ. ಏನೋ ಒಳ್ಳೆಯದೇ ಹೇಳಿರಬೇಕು ಎಂದುಕೊಂಡು ನಕ್ಕರು. ಆ ನಗು ನೋಡಿ ನನ್ನ ಸಿಟ್ಟು ನೆತ್ತಿಗೇರಿತು.

"ಸಾರ್, ಎರಡು ಮಕ್ಳು ಒಂದೇ ಜೋರಾಗಿ ಅಳ್ತಾವೆ. ಒಂದು ಒಟ್ಟೆ ಅಸ್ದು, ಒಂದು ಸುಮ್ಕೆ ಮೊಂಡಾಟಕ್ಕೆ. ನಿಮ್ ಮೊಬೈಲ್‌ಗೆ ಎರಡೂ ಒಂದೇ. ನಂಗೂ ಒಂದೇನಾ?"

"ಸುಮ್ನೆ ಸಹಿ ಹಾಕಿ."

"ಆಕ್ತೀನಿ. ಮೊದ್ಲು ನೀವು ನೆಲದ ಮೇಲೆ ಕೂತ್ಕಳಿ, ನಮ್ ಮಕ್ಳು ಕೂರೋ ಅಂಗೆ. ಅಪ್ಪ ಇನ್ನೊಂದ್ಸಲ ತಟ್ತಾರೆ."

ಸುಧಾಕರ್ ತಮಾಷೆಗೆಂಬಂತೆ ಬಾಗಿಲ ಬಳಿ ಕೂತರು. ನಾನು ಸನ್ನೆ ಮಾಡಿದೆ, ಅಪ್ಪ ತಟ್ಟಿದರು. ಸುಧಾಕರ್ ಮೊಬೈಲಿನಿಂದ ಕಣ್ಣೆತ್ತಲಿಲ್ಲ. ಆಮೇಲೆ ಮೂಲೆಯ ಚಾಪೆಗೆ ಬಂದರು. ಅಪ್ಪ ಅಷ್ಟೇ ಜೋರಾಗಿ ತಟ್ಟಿದರು.

ಡಬ್. ನೆತ್ತಿಯ ಮೇಲೇ ಆ ಗೊರಗೊರ.

ಸುಧಾಕರ್ ತಲೆ ಮುಚ್ಚಿಕೊಂಡು ಹೊರಗೆ ಓಡಿದರು. ಮೇಲಿಂದ ಒಂದು ಚೂರು ಸುಣ್ಣವೂ ಬಿದ್ದಿರಲಿಲ್ಲ. ಚಾಪೆಯ ಮೇಲೆ ಬಿದ್ದಿದ್ದ ಅವರ ಮೊಬೈಲ್ ಎತ್ತಿ ನೋಡಿದೆ. ಎಂಬತ್ತೆರಡೇ.

"ಒಂದೇ ಸದ್ದಲ್ವಾ ಸಾರ್? ಯಾಕೆ ಓಡಿದ್ರಿ?"

ಹೊಸ್ತಿಲ ಒಳಗೇ ನಿಂತು ಹಾಳೆ, ಪೆನ್ನು ಮುಂದೆ ಹಿಡಿದೆ.

"ಸುಭದ್ರ ಅಂತ ಬರ್ದಿರೋದ್ನ ನೀವೇ ಒಡ್ದಾಕಿ. ಆಮೇಲೆ ನಾನು ಸೈನ್ ಆಕ್ತೀನಿ. ಒಳಗ್ ಬನ್ನಿ, ಕೂತ್ಕೊಂಡು ಬರೀರಿ."

ಅವರು ಹೊಸ್ತಿಲು ದಾಟಲಿಲ್ಲ. ಹೊರಗೇ ನಿಂತು ಹೊಡೆದು ಹಾಕಿದರು.