ಕರೆಂಟು ಇರುವ ಹೊತ್ತು

ನಮ್ಮ ಬಳಗವನ್ನು ಮೊದಲು ಪರಿಚಯ ಮಾಡಿಬಿಡುತ್ತೇನೆ, ಆಮೇಲೆ ಬೈಯುವುದು ಸುಲಭ. ಪಾರ್ಕಿನ್ಸನ್ ಕಾಯಿಲೆಯವರನ್ನು ನೋಡಿಕೊಳ್ಳುವ ನಾವು ಐದು ಜನ: ನರರೋಗದ ಡಾಕ್ಟರು, ಸಿಸ್ಟರ್, ಮಾತನಾಡುವುದನ್ನೂ ನುಂಗುವುದನ್ನೂ ಹೇಳಿಕೊಡುವ ಮೇಷ್ಟ್ರು, ಏನು ತಿನ್ನಬೇಕೆಂದು ಹೇಳುವ ಪಥ್ಯದಮ್ಮ, ವ್ಯಾಯಾಮ ಮಾಡಿಸುವ ನಾನು. ಎರಡು ವರ್ಷದ ಹಿಂದೆ ಒಂದು ತರಬೇತಿಯಲ್ಲಿ, ಒಬ್ಬರಿಗೊಬ್ಬರು ಮಾತಾಡಿಕೊಳ್ಳದೆ ಒಂದೇ ರೋಗಿಯನ್ನು ನೋಡುವುದು ದೊಡ್ಡ ತಪ್ಪು ಎಂದು ಯಾರೋ ಭಾಷಣ ಮಾಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ; ನಾವು ಐವರೂ ಅಲ್ಲೇ ಕೂತು ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡೆವು.

ಆ ಗುಂಪಿನಲ್ಲಿ ಏನುಂಟು ಏನಿಲ್ಲ! ಬೆಳಗಾದರೆ ಪಥ್ಯದಮ್ಮ ಕಳಿಸುವ ಹೂವಿನ ಚಿತ್ರ, ಅದಕ್ಕೆ ನಾಲ್ಕು ನಮಸ್ಕಾರ. ಡಾಕ್ಟರು "ಇವರನ್ನು ದಯವಿಟ್ಟು ನೋಡಿ" ಎಂದು ಹಾಕಿದರೆ ನಾವು ಹೆಬ್ಬೆರಳು ಎತ್ತುತ್ತಿದ್ದೆವು. ನೋಡಿಯಾದ ಮೇಲೆ "ನೋಡಿದೆ" ಎಂದು ಹಾಕಿದರೆ ಅವರು ಹೆಬ್ಬೆರಳು ಎತ್ತುತ್ತಿದ್ದರು. ಇದಕ್ಕೆ ನಾವು ಇಟ್ಟಿದ್ದ ಹೆಸರು ಸಮನ್ವಯ. ನಾನೂ ಹಾಗೇ ಕರೆಯುತ್ತಿದ್ದೆ, ಸುಳ್ಳೇಕೆ ಹೇಳಲಿ.

ನಮ್ಮ ಕೀರ್ತಿ ಹಬ್ಬಿತು. ಬೇರೆ ಊರುಗಳಲ್ಲಿ ಇಂಥದೇ ಬಳಗ ಕಟ್ಟಬೇಕೆಂದಿದ್ದ ಹನ್ನೆರಡು ಜನ, ನಾವು ಹೇಗೆ ಕೆಲಸ ಮಾಡುತ್ತೇವೆಂದು ನೋಡಲು ಬರುತ್ತೇವೆಂದರು. ಡಾಕ್ಟರಿಗೆ ಎಲ್ಲಿಲ್ಲದ ಉತ್ಸಾಹ ಬಂತು. ಮಾದರಿಗೆ ಒಬ್ಬ ರೋಗಿ ಬೇಕಲ್ಲ, ನಾವು ಐವರೂ ನೋಡುತ್ತಿದ್ದವರೆಂದು ಸಿಸ್ಟರ್ ಲೈನ್‌ಮನ್ ಯಜಮಾನರನ್ನು ಆರಿಸಿದಳು.

ಯಜಮಾನರು ಮೂವತ್ತಾರು ವರ್ಷ ವಿದ್ಯುತ್ ಕಂಬ ಹತ್ತಿ ಇಳಿದವರು. ಈಗ ಕುರ್ಚಿಯಿಂದ ಏಳುವುದಕ್ಕೆ ಮೂರು ಸಲ ಲೆಕ್ಕ ಹಾಕುತ್ತಾರೆ. ಕಾಯಿಲೆ ಅವರ ಮುಖವನ್ನು ಬಿಗಿ ಮಾಡಿದೆ, ನಗೆಯೂ ಸಿಟ್ಟೂ ಒಂದೇ ಥರ ಕಾಣುತ್ತವೆ. ಆದರೆ ಮಾತ್ರೆ ತೆಗೆದುಕೊಂಡ ಅರ್ಧ ಗಂಟೆಗೆ ಮೈ ಸಡಿಲವಾಗಿ, ಕಾಲು ಎತ್ತಿ ಇಡಲು ಬರುತ್ತದೆ, ದನಿ ಹೊರಡುತ್ತದೆ. ಅದನ್ನು ಅವರು "ಕರೆಂಟು ಬಂತು" ಎನ್ನುತ್ತಾರೆ. ಒಂದೂವರೆ ಗಂಟೆ ಕಳೆದರೆ ಮತ್ತೆ ಬಿಗಿದುಕೊಳ್ಳುತ್ತಾರೆ. "ಹೋಯ್ತು ಕರೆಂಟು. ದೂರು ಕೊಡೋಣ ಅಂದ್ರೆ ಆಫೀಸಿನವ್ನೂ ನಾನೇ," ಎಂದು ಪಿಸುಗುಟ್ಟುತ್ತಾರೆ.

ಸಭೆ ಹತ್ತೂವರೆಗೆ ಇತ್ತು. ಹತ್ತಕ್ಕೆ ಮಾತ್ರೆ, ಹತ್ತೂವರೆಗೆ ಕರೆಂಟು. ಸಿಸ್ಟರ್ ಯೋಚನೆ ಮಾಡಿಯೇ ಹೊತ್ತು ಗೊತ್ತುಮಾಡಿದ್ದಳು. ಆಸ್ಪತ್ರೆಯ ಎರಡನೇ ಮಹಡಿಯ ಉದ್ದನೆಯ ಕೋಣೆ, ಒಂದಕ್ಕೊಂದು ಹೊಂದದ ಕುರ್ಚಿಗಳು, ಗೋಡೆಗೆ ಬಿಳಿ ಪರದೆ. ಡಾಕ್ಟರು ಪ್ರೊಜೆಕ್ಟರಿನ ಗುಂಡಿಯನ್ನು ಒತ್ತಿದರು, ತಟ್ಟಿದರು, ಕೊನೆಗೆ ಬೇಡಿಕೊಂಡರು. ಯಜಮಾನರು ಮೆಲ್ಲನೆ ಎದ್ದು ಹೋಗಿ ಗೋಡೆಯ ಪ್ಲಗ್ಗನ್ನು ಒಂದು ಸಲ ಅದುಮಿದರು. ಪರದೆ ಬೆಳಗಿತು, ಹನ್ನೆರಡು ಜನ ಅತಿಥಿಗಳು ಚಪ್ಪಾಳೆ ತಟ್ಟಿದರು. ಆ ದಿನ ನಮ್ಮ ಬಳಗದ ಕಡೆಯಿಂದ ನೆಟ್ಟಗೆ ನಡೆದ ಮೊದಲ ಕೆಲಸ ಅದು.

ಪರದೆಯ ಮೇಲೆ ಒಂದು ಚಿತ್ರ ಬಂತು. ನಡುವೆ ಒಂದು ವೃತ್ತ, ಅದರಲ್ಲಿ "ರೋಗಿ". ಸುತ್ತ ಐದು ವೃತ್ತಗಳಲ್ಲಿ ನಾವು. ಎಲ್ಲರಿಂದ ಎಲ್ಲರಿಗೂ ಬಾಣಗಳು. ಡಾಕ್ಟರು ಇಪ್ಪತ್ತು ನಿಮಿಷ ಬಾಣಗಳ ಬಗ್ಗೆ ಮಾತಾಡಿದರು. ಆಮೇಲೆ, "ಕುಟುಂಬದವರೂ ಎರಡು ಮಾತು ಹೇಳಲಿ," ಎಂದು ಯಜಮಾನರ ಹೆಂಡತಿಯ ಕಡೆ ನೋಡಿ ನಕ್ಕರು.

ಈ ಅಮ್ಮ ಗಿಡ್ಡಗೆ, ಚುರುಕಾಗಿ, ಮಾತಿಗೆ ನಿಂತರೆ ಎದುರಿನವರು ಕೂತುಬಿಡಬೇಕು, ಅಂಥವರು. ಎದ್ದು ಪರದೆಯನ್ನೇ ನೋಡಿದರು. "ಡಾಕ್ಟ್ರೇ, ಇದ್ರಲ್ಲಿ ನಾನೆಲ್ಲಿದ್ದೀನಿ?"

ಡಾಕ್ಟರು ಚಿತ್ರವನ್ನು ಮೇಲಿಂದ ಕೆಳಕ್ಕೆ ಹುಡುಕಿದರು. ತಾವೇ ಬರೆದ ಚಿತ್ರದಲ್ಲಿ ಅವರಿಗೂ ಸಿಗಲಿಲ್ಲ. "ನೀವು... ಎಲ್ಲಾ ಕಡೆ ಇದ್ದೀರಮ್ಮ," ಎಂದರು, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ.

"ಇರ್ಲಿ ಬಿಡಿ," ಎಂದು ಅಮ್ಮ ಕೈಚೀಲದಿಂದ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ತೆಗೆದರು. ಅದರ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದರು. "ಇವ್ರಿಗೆ ದಿನಕ್ಕೆ ನಾಲ್ಕು ಮಾತ್ರೆ. ಒಂದೊಂದಕ್ಕೆ ಒಂದೂವರೆ ಗಂಟೆ ಕರೆಂಟು. ಒಟ್ಟು ಆರು ಗಂಟೆ. ಸರಿನಾ?"

ಸರಿ ಎಂದೆವು.

"ನೀವೆಲ್ಲ ಒಬ್ಬೊಬ್ರೂ ನಂಗೆ ಹೇಳಿದ್ದು ಒಂದೇ ಮಾತು. ಜಾಸ್ತಿ ಏನಿಲ್ಲಮ್ಮ, ಸ್ವಲ್ಪ ಹೊತ್ತು, ಮೈ ಚೆನ್ನಾಗಿರೋವಾಗ ಮಾಡಿಸಿ ಅಂತ. ಈ ಮೇಡಂದು ವ್ಯಾಯಾಮ, ಬೆಳಿಗ್ಗೆ ಸಂಜೆ ಮುಕ್ಕಾಲು ಮುಕ್ಕಾಲು ಗಂಟೆ. ಮೇಷ್ಟ್ರು ಅರ್ಧರ್ಧ ಗಂಟೆ ಎರಡು ಸಲ 'ಆ' ಅಂತ ಕೂಗಿಸ್ತಾರೆ. ಊಟ ಗಂಟಲಲ್ಲಿ ಸಿಕ್ಕೊಳ್ಳುತ್ತೆ ಅಂತ ಎರಡು ಹೊತ್ತಿನ ಊಟಾನೂ ಕರೆಂಟಿದ್ದಾಗ್ಲೇ ಆಗ್ಬೇಕು, ಅದು ಒಂದು ಗಂಟೆ. ಡಾಕ್ಟ್ರದು ಒಂದು ಗಂಟೆ ನಡಿಗೆ, ಮೆದುಳಿಗೆ ಅಂತ ಅರ್ಧ ಗಂಟೆ ಪದಬಂಧ. ಪಥ್ಯದಮ್ಮನಿಗೆ ತಿಂದಿದ್ದೆಲ್ಲ ಇವ್ರೇ ಕೈಯಾರೆ ಬರೀಬೇಕು, ಅರ್ಧ ಗಂಟೆ. ಸಿಸ್ಟರ್‌ದು ಉಸಿರಾಟ, ಮಲಗಿ ಒಂದ್ಸಲ ನಿಂತು ಒಂದ್ಸಲ ಬಿಪಿ, ಎಲ್ಲ ಸೇರಿ ಒಂದು ಗಂಟೆ. ಸ್ನಾನ, ಗಡ್ಡ, ಬಟ್ಟೆಗೆ ನಲವತ್ತು ನಿಮಿಷ. ಅದನ್ನ ಯಾರೂ ಹೇಳ್ಲಿಲ್ಲ, ನಾನೇ ಸೇರಿಸ್ದೆ."

ಹಾಳೆಯನ್ನು ತಿರುಗಿಸಿ ನಮ್ಮ ಕಡೆ ಹಿಡಿದರು. "ಏಳು ಗಂಟೆ ಹತ್ತು ನಿಮಿಷ. ಇರೋದು ಆರು. ಈಗ ಹೇಳಿ, ಹೇಗೆ ಮಾಡ್ಲಿ?"

ಮೂಗಿಗಿಂತ ಮೂಗುತಿ ಭಾರ ಅನ್ನುವುದನ್ನು ಕೇಳಿದ್ದೆ, ತೂಗಿ ನೋಡಿದ್ದು ಅವತ್ತೇ. ಅತಿಥಿಗಳಲ್ಲಿ ಒಬ್ಬರು ಅವಸರಕ್ಕೆ ಬಿದ್ದು, "ಮಾತ್ರೆ ಒಂದು ಹೆಚ್ಚಿಸಿದರೆ?" ಎಂದರು. ಹೆಚ್ಚಿಸಿದರೆ ಕೈಕಾಲು ತಾವಾಗಿ ಕುಣಿಯತೊಡಗುತ್ತವೆ, ಈಗಾಗಲೇ ನೋಡಿದ್ದಾಗಿದೆ ಎಂದರು ಡಾಕ್ಟರು. ಅಂದರೆ ಆರು ಗಂಟೆ ಅಂದರೆ ಆರೇ ಗಂಟೆ, ಯಾರಾದರೂ ಬಿಟ್ಟುಕೊಡಬೇಕು.

ಆಗ ನೋಡಬೇಕಿತ್ತು ನಮ್ಮ ಸಮನ್ವಯ. ಪಥ್ಯದಮ್ಮ, "ವ್ಯಾಯಾಮ ಒಂದೇ ಹೊತ್ತು ಸಾಕಲ್ವಾ?" ಎಂದಳು. ನಾನು, "ಪದಬಂಧ ಬಿಟ್ಟರೆ ಏನಾಗುತ್ತೆ?" ಎಂದೆ. ಡಾಕ್ಟರು ಉಸಿರಾಟದ ಕಡೆ ಬೆರಳು ತೋರಿಸಿದರು. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಹಾಗೆ ಎಲ್ಲರೂ ಇನ್ನೊಬ್ಬರ ನಿಮಿಷಗಳನ್ನೇ ಧಾರಾಳವಾಗಿ ಹಂಚುತ್ತಿದ್ದೆವು. ಮೇಷ್ಟ್ರು ಮಾತ್ರ ನೇರವಾಗಿ ನನ್ನ ಮೇಲೇ ಬಂದರು.

"ದನಿ ಹೋದ್ರೆ ಮನುಷ್ಯ ಮನೇಲೇ ಪರಕೀಯ ಆಗ್ತಾನೆ ಮೇಡಂ. ನಾನು ಒಂದು ನಿಮಿಷಾನೂ ಬಿಡಲ್ಲ."

"ಬಿದ್ದು ಸೊಂಟ ಮುರಿದ್ರೆ ಮಲಗಿದಲ್ಲೇ 'ಆ' ಅಂತ ಕೂಗಿಸ್ತೀರಾ?" ಎಂದೆ. ನನಗೆ ಮೂಗಿನ ತುದಿಯಲ್ಲೇ ಕೋಪ.

ಅತಿಥಿಗಳು ಟಿಪ್ಪಣಿ ಬರೆದುಕೊಳ್ಳುವುದನ್ನು ನಿಲ್ಲಿಸಿದ್ದರು. ಎರಡು ವರ್ಷದಲ್ಲಿ ಒಬ್ಬ ರೋಗಿಯ ಬಗ್ಗೆ ನಾವು ಐವರೂ ಒಟ್ಟಿಗೆ ಮಾತಾಡಿದ್ದು ಅದೇ ಮೊದಲು.

ಅಮ್ಮ ಹಾಳೆಯನ್ನು ಮಡಿಸಿದರು. "ನಿಮ್ಮದ್ರಲ್ಲಿ ಯಾವುದು ಮುಖ್ಯ ಅಂತ ನಂಗೆ ಗೊತ್ತಾಗಲ್ಲ. ಎಲ್ಲಾ ಮುಖ್ಯವೇ ಇರ್ಬೇಕು. ನಾನು ಕೇಳೋಕೆ ಬಂದಿದ್ದು ಬೇರೆ. ಅದ್ರಲ್ಲಿ ನಂಗೆ ಒಂದು ಗಂಟೆ ಬೇಕು."

"ವಿಶ್ರಾಂತಿಗಾ ಅಮ್ಮಾ?" ಎಂದಳು ಸಿಸ್ಟರ್ ಮರುಕದಿಂದ. "ಅದನ್ನ ಕರೆಂಟಿಲ್ಲದಾಗ..."

"ಅದೇ! ಅದೇ ನೋಡಿ! ಚೆನ್ನಾಗಿರೋ ಹೊತ್ತೆಲ್ಲ ನೀವು ಐದು ಜನ ಹಂಚ್ಕೊಂಡ್ರಿ. ಬಿಗಿದು ಕೂತಿರೋ ಹೊತ್ತು ಮಾತ್ರ ನನ್ನ ಪಾಲಿಗೆ. ಇವ್ರನ್ನ ಮದ್ವೆ ಆದೋಳು ನಾನು, ನೀವಲ್ಲ."

ನನಗೆ ನಾಚಿಕೆಯಾಯಿತು, ನೂರಾರು ಮನೆಗಳಿಗೆ ಹೋಗಿದ್ದೇನೆ, ಯಾವ ಹೆಂಡತಿಗೂ ಯಾವ ಗಂಡನಿಗೂ ನಿಮಗೆ ಯಾವ ಹೊತ್ತು ಬೇಕು ಎಂದು ನಾನು ಕೇಳಿದವಳಲ್ಲ. ಡಾಕ್ಟರು ಗಂಟಲು ಸರಿಮಾಡಿಕೊಂಡು, ಆ ಒಂದು ಗಂಟೆಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರು.

"ಏನಿಲ್ಲ. ಜಗಳ ಆಡ್ತೀವಿ."

ಅತಿಥಿಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ನಗ್ಬೇಡಿ. ನಲವತ್ತು ವರ್ಷ ದಿನಾ ಸಂಜೆ ಕಾಫಿ ಕುಡೀತಾ ಜಗಳ ಆಡಿದೋರು ನಾವು. ಇಂಥದ್ದಕ್ಕೇ ಅಂತೇನಿಲ್ಲ. ಈಗ ಸಂಜೆ ಆದ್ರೆ ಇವ್ರು 'ಆ' ಅಂತಿರ್ತಾರೆ, ಇಲ್ಲಾ ಗೋಡೆ ಹಿಡ್ಕೊಂಡು ಕಾಲೆತ್ತುತ್ತಿರ್ತಾರೆ. ಮುಗಿಯೋ ಹೊತ್ತಿಗೆ ಕರೆಂಟು ಹೋಗಿರುತ್ತೆ. ಆಮೇಲೆ ನಾನು ಎಷ್ಟು ಬೈದ್ರೂ ಸುಮ್ನೆ ಕೂತಿರ್ತಾರೆ, ತುಟಿ ಅಲ್ಲಾಡಲ್ಲ. ಬೈದು ಬೈದು ನಂಗೇ ಅಳು ಬರುತ್ತೆ."

ಎಲ್ಲರೂ ಯಜಮಾನರ ಕಡೆ ತಿರುಗಿದೆವು. ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು, ಅವರ ಬಲಗೈ ಆಗಲೇ ತೊಡೆಯ ಮೇಲೆ ನಡುಗತೊಡಗಿತ್ತು. ಮುಖದಲ್ಲಿ ಏನೂ ಕಾಣಲಿಲ್ಲ. ಉಳಿದಿದ್ದ ದನಿಯನ್ನೆಲ್ಲ ಒಟ್ಟುಮಾಡಿ ಹೇಳಿದರು: "ಉತ್ತರ ರೆಡಿ ಇರುತ್ತೆ ಡಾಕ್ಟ್ರೇ. ಬಾಯಿಗೆ ಬರೋ ಹೊತ್ತಿಗೆ ಇವ್ಳು ಮುಂದಿನ ಜಗಳಕ್ಕೆ ಹೋಗಿರ್ತಾಳೆ."

ಎಲ್ಲರೂ ನಕ್ಕೆವು. ಮೇಷ್ಟ್ರ ಕಣ್ಣು ಮಾತ್ರ ಬೇರೆಯೇ ಕಾರಣಕ್ಕೆ ಹೊಳೆಯಿತು. "ಅರೆ! ಇದಕ್ಕಿಂತ ಒಳ್ಳೆ ಅಭ್ಯಾಸ ಇನ್ನೇನಿದೆ! ಜಗಳದಲ್ಲಿ ದನಿ ತಾನಾಗಿ ಏರುತ್ತೆ. ನನ್ನ ಹತ್ರ ಸದ್ದು ಅಳೆಯೋ ಮೀಟರ್ ಇದೆ, ಪಕ್ಕದಲ್ಲಿ ಇಟ್ಕೊಂಡು..."

"ನಿಂತ್ಕೊಂಡು ಜಗಳ ಆಡಿದ್ರೆ ಸಮತೋಲನಕ್ಕೂ ಒಳ್ಳೇದು," ಎಂದು ನನ್ನ ಬಾಯಿಂದಲೂ ಬಂದುಬಿಟ್ಟಿತು. ನಾಚಿಕೆಯಾಗಿ ಐದು ನಿಮಿಷ ಆಗಿರಲಿಲ್ಲ. ಹುಟ್ಟುಗುಣ ಎಲ್ಲಿ ಹೋಗುತ್ತದೆ? ಸಿಸ್ಟರ್ ಆಗಲೇ ಬೋರ್ಡಿನ ಮೇಲೆ ಬರೆದಿದ್ದಳು: "ಸಂಜೆ, ಜಗಳ, 60 ನಿಮಿಷ."

ಅಮ್ಮ ನೇರ ಬೋರ್ಡಿನ ಹತ್ತಿರ ಹೋಗಿ ಅಂಗೈಯಿಂದಲೇ ಅದನ್ನು ಒರೆಸಿದರು. "ಬರೀಬೇಡಮ್ಮಾ ತಾಯಿ. ನೀವು ಬರೆದ್ರೆ ಅದೂ ಔಷಧಿ ಆಗುತ್ತೆ. ಮೀಟರ್ ಇಟ್ರೆ ಇವ್ರು ನಂಗೆ ಅಂತ ಬೈಯಲ್ಲ, ಮೀಟರಿಗೆ ಅಂತ ಬೈತಾರೆ."

ಮೇಷ್ಟ್ರು ನಿಧಾನಕ್ಕೆ, "ಸಂಜೆಯ ನನ್ನ ಅರ್ಧ ಗಂಟೆ ತಗೊಳ್ಳಿ," ಎಂದರು. "ಪದಬಂಧಾನ ಜೋರಾಗಿ ಓದ್ತಾ ಬಿಡಿಸಲಿ, ಅದೇ ಆಯ್ತು."

ಮೇಷ್ಟ್ರೇ ಬಿಟ್ಟ ಮೇಲೆ ನಾನು ಬಿಗಿಹಿಡಿದು ಕೂರುವುದು ಹೇಗೆ? ನನ್ನ ಸಂಜೆಯ ಮುಕ್ಕಾಲು ಗಂಟೆಯನ್ನು ಡಾಕ್ಟರ ನಡಿಗೆಯೊಳಗೇ ಸೇರಿಸಿದೆ. ಹುಡುಕುತ್ತ ಹೋದರೆ, ಸಿಸ್ಟರ್ ಹೇಳಿಕೊಟ್ಟ ಉಸಿರಾಟವೂ ಮೇಷ್ಟ್ರು ಕೂಗುವ ಮೊದಲು ಮಾಡಿಸುವ ಉಸಿರಾಟವೂ ಒಂದೇ ಆಗಿತ್ತು. ಒಬ್ಬರಿಗೊಬ್ಬರು ತಿಳಿಯದೆ ಇಬ್ಬರೂ ಅದನ್ನೇ ಮಾಡಿಸುತ್ತಿದ್ದರು; ಸಿಸ್ಟರ್‌ದನ್ನು ಬಿಟ್ಟರೆ ನಲವತ್ತು ನಿಮಿಷ ಉಳಿಯಿತು. ಪಥ್ಯದಮ್ಮ ಕಾಲು ಗಂಟೆಯಲ್ಲಿ ಅರ್ಧ ಪುಟ ಬರೆದರೆ ಸಾಕೆಂದಳು. ಬಿಪಿಯಲ್ಲೂ ಹತ್ತು ನಿಮಿಷ ಉಳಿಯಿತು. ಎಲ್ಲ ಸೇರಿ ನೂರ ನಲವತ್ತು ನಿಮಿಷ. ದಿನ ಆರು ಗಂಟೆಯೊಳಗೆ ಕೂತಿತು, ಅಮ್ಮನಿಗೆ ಒಂದು ಗಂಟೆ ಸಿಕ್ಕಿತು, ಇನ್ನೂ ಹತ್ತು ನಿಮಿಷ ಮಿಕ್ಕಿತು. ಅದನ್ನು ತನಗೆ ಕೊಡಿ ಎಂದು ಪಥ್ಯದಮ್ಮ ಬಾಯಿ ತೆರೆಯುವಷ್ಟರಲ್ಲಿ ಅತಿಥಿಗಳೇ "ಬೇಡ, ಬೇಡ" ಎಂದು ಕೂಗಿದರು.

ಒಂದು ತಿಂಗಳಾಗಿರಬೇಕು. ಕುರ್ಚಿಯಿಂದ ಏಳುವುದಕ್ಕೆ ಸುಲಭದ ಹೊಸ ವ್ಯಾಯಾಮವೊಂದನ್ನು ಬರೆದುಕೊಂಡು ಅವರ ಮನೆಗೆ ಹೋದೆ. ನಾಲ್ಕು ಗಂಟೆಗೇ ಹೊರಟಿದ್ದವಳು, ದಾರಿಯಲ್ಲಿ ಇನ್ನೊಂದು ಮನೆ ನೋಡಿ ಬರುವಾಗ ತಡವಾಗಿ ಸಂಜೆಯಾಯಿತು; ಅದು ಅವರ ಹೊತ್ತು ಎನ್ನುವುದು ಮರೆತೇಹೋಗಿತ್ತು. ಮೆಟ್ಟಿಲು ಹತ್ತುವಾಗಲೇ ಒಳಗಿನಿಂದ ಗಂಡಸಿನ ದನಿ ಕೇಳಿತು. ಮನೆಗೆ ಯಾರೋ ನೆಂಟರು ಬಂದಿರಬೇಕು ಅಂದುಕೊಂಡೆ. ಆ ದನಿ ನನಗೆ ಪರಿಚಯವೇ ಇರಲಿಲ್ಲ.

ಗಂಟೆ ಒತ್ತಿದೆ. ಅಮ್ಮ ಬಾಗಿಲು ತೆರೆದರು. ಮುಖ ಕೆಂಪಾಗಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು.

"ಈಗ ಬಂದ್ರಾ ಮೇಡಂ?" ಎಂದರು, ಬನ್ನಿ ಎನ್ನಲಿಲ್ಲ. "ಇನ್ನೂ ಮುಗಿದಿಲ್ಲ."

"ಮುಗಿಯೋಕೆ ಏನಿದೆ!" ಒಳಗಿನಿಂದ ಯಜಮಾನರು ಗುಡುಗಿದರು. "ನನ್ನ ಏಣಿ ತಗೊಂಡು ಹೋದೋನು ನಿನ್ನ ತಮ್ಮ! ಇಪ್ಪತ್ತು ವರ್ಷ ಆಯ್ತು, ಇವತ್ತಾದ್ರೂ ಒಪ್ಕೊ!"

"ಒಪ್ಕೊಳ್ಳೋದಾ? ಕೊಡು ಅಂದೋರು ಯಾರು ರೀ? ನಾನಾ?" ಎಂದು ಅಮ್ಮ ಸರ್ರನೆ ತಿರುಗಿ ಒಳಗೆ ಹೋದರು. ಬಾಗಿಲು ತೆರೆದೇ ಇತ್ತು. ನಾನೊಬ್ಬಳು ಅಲ್ಲಿ ನಿಂತಿದ್ದೇನೆ ಎನ್ನುವುದು ಇಬ್ಬರಿಗೂ ನೆನಪಿರಲಿಲ್ಲ.

ಕಣ್ಣು ತುಂಬಿತು ನನಗೆ. ವ್ಯಾಯಾಮದ ಚೀಟಿಯನ್ನು ಚೀಲದೊಳಗೆ ಹಾಕಿಕೊಂಡೆ, ಸದ್ದಾಗದಂತೆ ಹೊರಗಿನಿಂದ ಬಾಗಿಲು ಎಳೆದೆ.