ಪರವಾಗಿಲ್ಲ ಎಂಬ ಕಾಫಿ

ಹಾಲಿನ ನೊರೆಯ ಮೇಲೊಂದು ಎಲೆ, ನರನರವೂ ಕಾಣುವ ಹಾಗೆ ಬಿಡಿಸಿದ್ದಾಳೆ ಅಂಗಡಿಯವಳು, ಇದನ್ನು ಕುಡಿಯುವುದೋ ಗೋಡೆಗೆ ತೂಗುಹಾಕುವುದೋ — ಅವರು ಮಾತ್ರ ಎಲೆಯನ್ನು ನೋಡಲೇ ಇಲ್ಲ, ಚಮಚದಲ್ಲಿ ಒಂದು ಸುತ್ತು ಕಲಕಿ, ತುಟಿಗಿಟ್ಟು, ಕಣ್ಣು ಮುಚ್ಚಿ, ತುಸು ಕಾದು, ಕಣ್ಣು ತೆರೆದು, ಪರವಾಗಿಲ್ಲ ಅಂದರು, ಕಪ್ಪನ್ನು ಮೆಲ್ಲಗೆ ಆಚೆ ಸರಿಸಿದರು, ಅರ್ಧಕ್ಕಿಂತ ಹೆಚ್ಚೇ ಉಳಿದಿದೆ, ಸರಿ, ಇವತ್ತಿನ ಮೊದಲ ಪರವಾಗಿಲ್ಲ ಆಯಿತು, ಇನ್ನೆಷ್ಟು ಕಾದಿವೆಯೋ ಎಂದು ಎದುರು ಕೂತ ಹೆಂಡತಿ ತನ್ನ ಚಹಾದ ಕಪ್ಪಿನೊಳಗೇ ನಕ್ಕಳು. ಐವತ್ತು ದಾಟಿದ ಮೇಲೆ ಮದುವೆ, ಅದಾಗಿ ಇನ್ನೂ ಹೊಸತು, ಅವಳ ತಮ್ಮ ಟಿಕೆಟ್ ತೆಗೆಸಿ ಕೈಗಿಟ್ಟು ಎಲ್ಲರೆದುರೇ ಹೇಳಿದ್ದ, ಅಂತೂ ನಮ್ಮಕ್ಕ ದಡ ಸೇರಿದ್ಲು, ಈಜು ಕಲಿಸೋ ಮೇಷ್ಟ್ರೇ ಸಿಕ್ಕಿದಾರೆ, ಇನ್ನು ಮುಳುಗೋ ಭಯ ಇಲ್ಲ, ಪರದೇಶ ನೋಡ್ಕೊಂಡು ಬನ್ನಿ. ನೋಡಿದ್ದೇನು ಮಣ್ಣು, ವಸ್ತುಸಂಗ್ರಹಾಲಯ ಬಾಗಿಲಿಗೇ ಮುಗಿಯಿತು, ಸೇತುವೆಯ ಮೇಲೆ ನಿಂತು ನದಿ ನೋಡುವಾಗಲೂ ಅವರ ಮೂಗು ಗಾಳಿಯಲ್ಲಿ, ಆ ಕಡೆಯಿಂದ ಕಾಫಿ ಬೀಜ ಹುರಿಯೋ ವಾಸನೆ ಅಲ್ವಾ, ನಡೀರಿ ನೋಡೋಣ — ನಡೀರಿ! ಒಂದೇ ಹಾಸಿಗೆಯಲ್ಲಿ ಮಲಗುವವರು, ಇನ್ನೂ ನೀವು ಬನ್ನಿ, ನೀವು ಕೂತ್ಕೊಳ್ಳಿ, ಬ್ಯಾಂಕಿನ ಕಿಟಕಿಯ ಆಚೆ ಈಚೆ ನಿಂತವರ ಹಾಗೆ.

ಕಲ್ಲು ಹಾಸಿದ ಬೀದಿ, ಮಂಡಿ ನೋಯುತ್ತಿದೆ, ಅವರು ಎರಡು ಹೆಜ್ಜೆ ಮುಂದೆ, ಈಜುಗಾರರ ಅಗಲ ಭುಜ, ಎಡಕ್ಕೆ ಬಾಗಿದ ತಲೆ, ಎಡಗಿವಿ ಮಂದ, ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು — ಆಸ್ಪತ್ರೆಯಲ್ಲಿ ಅವಳದು ಕಿವಿ ಪರೀಕ್ಷಿಸುವ ಕೆಲಸ, ಸದ್ದು ಹೀರುವ ಗೋಡೆಗಳ ಆ ಪುಟ್ಟ ಕೋಣೆ, ಗಾಜಿನಾಚೆ ಹೆಡ್‌ಫೋನ್ ಹಾಕಿ ಕೂತ ಮನುಷ್ಯ, ಸದ್ದು ಕೇಳಿದ ಕೂಡಲೇ ಕೈ ಎತ್ತಿ ಸಾರ್ ಅಂದರೆ ಅವಳು ಗುಂಡಿ ಒತ್ತುವ ಮೊದಲೇ ಎತ್ತಿಬಿಟ್ಟಿದ್ದರು, ನಾನಿನ್ನೂ ಏನೂ ಒತ್ತಿಲ್ವಲ್ಲ, ಓ ಹೌದಾ, ಕೇಳಿಸಿದ ಹಾಗಾಯ್ತು ಅಂದರು, ಆ ನಾಚಿದ ಮುಖಕ್ಕೇ ಅವಳು ಸೋತದ್ದು. ಈಗಲೂ ಅದೇ ಮುಖ, ಪ್ರತಿ ಅಂಗಡಿಯ ಬಾಗಿಲಲ್ಲೂ. ಏನನ್ನು ಹುಡುಕುತ್ತಿದ್ದಾರೆಂದು ಅವಳು ಕೇಳಿಲ್ಲ, ಕೇಳಬೇಕಿಲ್ಲ, ಅವರ ಅಕ್ಕ ಮೊದಲ ದಿನವೇ ಅಡುಗೆಮನೆಯ ಬಾಗಿಲಿಗೆ ಒರಗಿ ಹೇಳಿಬಿಟ್ಟಿದ್ದರು, ಎಲ್ಲಾ ನಿಂದೇ ಕಣಮ್ಮ, ಕಾಫಿ ತಂಟೆಗೆ ಮಾತ್ರ ಹೋಗ್ಬೇಡ, ಅವನಿಗೆ ಅದು ಅವಳ ಕೈದೇ ಆಗ್ಬೇಕು. ಅವಳು ಅಂದರೆ ತೀರಿಕೊಂಡವಳು, ಹಿಂದಿನವಳು, ಪಟದಲ್ಲಿ ಸೆರಗು ಸರಿಮಾಡಿಕೊಳ್ಳುತ್ತ ನಗುವವಳು. ಇವಳು ಹೋಗಲಿಲ್ಲ ಆ ತಂಟೆಗೆ. ಬೆಳಿಗ್ಗೆ ಅವರೇ ಕಾಫಿ ಮಾಡಿಕೊಳ್ಳುತ್ತಾರೆ, ಎರಡು ಗುಟುಕು, ಆಮೇಲೆ ಉಳಿದದ್ದನ್ನು ತೊಟ್ಟಿಗೆ ಸುರಿಯುವ ಸದ್ದು, ಮಲಗಿದಲ್ಲಿಗೇ ಕೇಳಿಸುತ್ತದೆ, ಹಾಳು ಕಿವಿ, ಇಂಥದ್ದನ್ನೆಲ್ಲ ಬಿಡದೆ ಹಿಡಿಯುತ್ತದೆ. ಸತ್ತವಳ ಮೇಲೆ ಹೊಟ್ಟೆಕಿಚ್ಚೇ, ಛೆ, ಬದುಕಿದವಳಾದರೆ ಜಗಳವಾಡಬಹುದಿತ್ತು, ಒಂದು ದಿನವಾದರೂ ಅವಳ ಕಾಫಿ ಕೆಟ್ಟುಹೋಗುತ್ತಿತ್ತು, ಹಾಲು ಒಡೆಯುತ್ತಿತ್ತು, ಈಗ ಅದು ಕೆಡುವುದೇ ಇಲ್ಲ.

ಬಟ್ಟೆ ಒಗೆಯುವ ಅಂಗಡಿಯ ಬಿಸಿ ಹಬೆ, ಸೋಪಿನ ವಾಸನೆ, ಅದರ ಬೆನ್ನಿಗೇ ಇನ್ನೊಂದು ವಾಸನೆ, ಅವರು ಗಕ್ಕನೆ ನಿಂತರು, ಅವಳು ಬೆನ್ನಿಗೆ ಢಿಕ್ಕಿ ಹೊಡೆಯುವುದೊಂದು ಬಾಕಿ. ಗೂಡಿನಂಥ ಅಂಗಡಿ, ನಾಲ್ಕು ಸ್ಟೂಲು, ಬೋಳುತಲೆಯವನೊಬ್ಬ, ಅವನಿಗೆ ಇವರ ಭಾಷೆ ಬಾರದು, ಇವರಿಗೂ ಅವನ ಭಾಷೆ ಬಾರದು, ಅವರು ಹೆಬ್ಬೆರಳು ತೋರುಬೆರಳು ಅಗಲಿಸಿ ಇಷ್ಟು ಅಂದರು, ಮುಷ್ಟಿ ಬಿಗಿದು ಗಟ್ಟಿ ಅಂದರು, ಅವನು ನಕ್ಕು ಬೆನ್ನು ತಿರುಗಿಸಿದ. ಎಲೆಯಿಲ್ಲ, ಚಿತ್ರವಿಲ್ಲ, ದಪ್ಪ ಬಿಳಿ ಪಿಂಗಾಣಿ ಕಪ್ಪು. ಮೊದಲ ಗುಟುಕು, ಕಣ್ಣು ಮುಚ್ಚಿತು, ಅವಳು ಪರವಾಗಿಲ್ಲಕ್ಕಾಗಿ ಕಾದಳು, ಅದು ಬರಲಿಲ್ಲ. ಎರಡನೆಯದು. ಇನ್ನೊಂದು. ಗಂಟಲ ಉಬ್ಬು ಏರಿ ಇಳಿಯುತ್ತಿದೆ, ಓ, ಸಿಕ್ಕಿಬಿಟ್ಟಿತು, ಮುಗಿಯಿತು ನನ್ನ ಕಥೆ, ಈ ಗೂಡಿಗೆ ಇನ್ನು ದಿನಾ ಬರಬೇಕು, ಇವರ, ಆ ಪಟದವಳ ಪಕ್ಕದಲ್ಲಿ ನಾನು ಚಹಾ ಕುಡಿಯುತ್ತ ಕೂರಬೇಕು — ಕಪ್ಪು ಕೆಳಗಿಳಿಯಿತು, ತಳ ಕಾಣುತ್ತಿದೆ, ಇಷ್ಟು ದಿನದಲ್ಲಿ ಅವರು ಖಾಲಿ ಮಾಡಿದ ಮೊದಲ ಕಪ್ಪು, ಬಿಳಿ ತಳ, ಅಂಚಿಗೆ ಕಂದು ಬಣ್ಣದ ತೆಳು ಗೆರೆ. ಸಿಕ್ತಾ, ಎಂದು ಕೇಳಿದಳು, ದನಿ ತನ್ನದೇ ಅನ್ನಿಸಲಿಲ್ಲ. ಅವರು ತಳವನ್ನೇ ನೋಡುತ್ತಿದ್ದರು. ಗೊತ್ತಾಗ್ತಿಲ್ಲ ಕಣೇ, ಅಂದರು. ಇದೇ ಇರ್ಬಹುದು. ಇಲ್ದೇನೂ ಇರ್ಬಹುದು. ಕುಡಿದ್ರೆ ತಟ್ಟಂತ ಗೊತ್ತಾಗುತ್ತೆ ಅನ್ಕೊಂಡಿದ್ದೆ. ಹೇಗಿತ್ತು ಅಂತ್ಲೇ ಮರ್ತುಹೋಗಿದೆ ನಂಗೆ.

ತಾನು ಗೆದ್ದ ಹಾಗಲ್ಲವೇ ಇದು, ಹೌದಲ್ಲ, ಮರೆಯಲಿ ಎಂದು ತಾನೇ ರಾತ್ರಿಯೆಲ್ಲ ಮಗ್ಗುಲು ಬದಲಿಸಿದ್ದು, ಮತ್ತೆ ಎದೆಯೊಳಗೆ ಇದೇನು, ಮನೆಯಲ್ಲಿದ್ದವರೊಬ್ಬರು ಹೋಗಿಬರ್ತೀನಿ ಅಂತಲೂ ಹೇಳದೆ ಎದ್ದು ನಡೆದ ಹಾಗೆ. ಅವರು ಹೇಗೆ ಮಾಡ್ತಿದ್ರು, ಅದನ್ನಾದ್ರೂ ಹೇಳಿ, ಮಾಡಿ ನೋಡೋಣ, ಎಂದಳು, ತಾನೇ ಎಂದಳು, ತಂಟೆಗೆ ಹೋಗಬಾರದವಳು. ಅವರು ತಲೆ ಅಲ್ಲಾಡಿಸಿದರು, ಯಾರ್ ನೋಡಿದ್ರು, ನಾನು ಹೊರಗೆ ಪೇಪರ್ ಓದ್ತಾ ಕೂತಿರ್ತಿದ್ದೆ, ಲೋಟ ಬಂದು ಕೈಗೆ ಬೀಳ್ತಿತ್ತು. ಅಷ್ಟು ವರ್ಷ. ಒಂದು ಸಲವೂ ಒಳಗೆ ಹೋಗಿ ನೋಡ್ಲಿಲ್ಲ. ಇನ್ನೊಂದು ಕಪ್ಪು ತರಿಸ್ಲಾ, ಎಂದಳು, ಬೇಡ, ಸಾಕು ಬಿಡಿ, ಅಂದರು, ನಾಳೆ ಆ ವಸ್ತುಸಂಗ್ರಹಾಲಯಕ್ಕೆ ಹೋಗೋಣ, ನಿಮಗೆ ನೋಡ್ಬೇಕಿತ್ತಲ್ಲ. ಬಿಡಿ, ನಿಮಗೆ, ಮತ್ತೆ ಬಹುವಚನ, ಹಾಗಾದರೆ ಆಗ ಕಣೇ ಅಂದದ್ದು ಯಾರಿಗೆ, ಪಕ್ಕದಲ್ಲಿ ಕೂತವಳಿಗೋ, ಪಟದಲ್ಲಿ ನಗುವವಳಿಗೋ, ಕೇಳಿದರೆ ಅವರಿಗೂ ಗೊತ್ತಿರಲಾರದು, ಕೇಳಬಾರದು, ನಾಳೆ ಬೀದಿಯ ತಿರುವಿನಲ್ಲಿ ಮೂಗು ಎತ್ತುವುದಿಲ್ಲವೇ ಈ ಮನುಷ್ಯ, ನಡೀರಿ ನೋಡೋಣ ಅನ್ನುವುದಿಲ್ಲವೇ, ಎತ್ತಲಪ್ಪ, ಒಂದು ಸಲ ಎತ್ತಲಿ, ಮಂಡಿ ನೋವಿದ್ದರೂ ನಡೆಯುತ್ತೇನೆ — ಬೋಳುತಲೆಯವನು ಬಂದು ಕಪ್ಪಿಗೆ ಕೈ ಚಾಚಿದ, ಅವಳು ಅಡ್ಡ ಕೈ ಇಟ್ಟಳು, ಯಾಕಿಟ್ಟಳೋ, ಅವನು ಭುಜ ಹಾರಿಸಿ ಹಿಂದೆ ಸರಿದ, ಅವರ ಬೆರಳು ಅವಳ ಬೆರಳ ಪಕ್ಕಕ್ಕೆ ಬಂದು ತಂಗಿತು, ಇಬ್ಬರೂ ಏಳಲಿಲ್ಲ, ಕಣೇ ಅಂದರಲ್ಲ, ಯಾರಿಗೋ, ಬಿಳಿ ತಳ, ಅಂಚಿನ ಗೆರೆ ಆಗಲೇ ಒಣಗುತ್ತಿದೆ, ಕಣೇ, ಬಿಳಿ ತಳ, ಬರಿಯ ಬಿಳಿ ತಳ